ರಾಣಿ ಛಾಪಿನ ರೂಪಾಯಿ: ಇಸವಿ ನಂಬಬೇಡಿ, ಅಚ್ಚು ನೋಡಿ

ದೀಪಾವಳಿಯ ಲಕ್ಷ್ಮೀಪೂಜೆಗೆ ತಟ್ಟೆಯಲ್ಲಿಡುವ ಹಳೆಯ ಬೆಳ್ಳಿ ರೂಪಾಯಿಗಳು ಕುಮಟಾ, ಹೊನ್ನಾವರ, ಭಟ್ಕಳದ ಎಷ್ಟೋ ಮನೆಗಳಲ್ಲಿ ಇನ್ನೂ ಇವೆ. ಮನೆಯವರ ಲೆಕ್ಕದಲ್ಲಿ ಅವುಗಳಲ್ಲಿ ಎರಡೇ ಜಾತಿ: ರಾಣಿ ಛಾಪು, ರಾಜನ ಛಾಪು. ಬೆಳ್ಳಿಯ ದರ ಏರಿದಾಗ ಎಲ್ಲವೂ ಒಟ್ಟಿಗೆ ಅಂಗಡಿಯ ತಕ್ಕಡಿ ಹತ್ತುತ್ತವೆ, ಗೆಜ್ಜೆಯಾಗಿಯೋ ದೀಪದ ಕಂಬವಾಗಿಯೋ ಮರಳುತ್ತವೆ. ಬಹುಪಾಲು ನಾಣ್ಯಗಳ ಮಟ್ಟಿಗೆ ಇದರಲ್ಲಿ ದೊಡ್ಡ ನಷ್ಟವೇನೂ ಇಲ್ಲ. ಅವು ಕೋಟಿಗಟ್ಟಲೆ ಅಚ್ಚಾದವು. ನಷ್ಟವಾಗುವುದು ಆ ರಾಶಿಯಲ್ಲಿ ಅಡಗಿರುವ ಒಂದೋ ಎರಡೋ ನಾಣ್ಯಗಳ ವಿಷಯದಲ್ಲಿ. ಅವನ್ನು ಬೇರ್ಪಡಿಸುವುದು ಇಸವಿಯಲ್ಲ. ಒಂದೇ ರಾಣಿ, ಒಂದೇ 1862 ಹೊತ್ತ ಎರಡು ರೂಪಾಯಿಗಳ ನಡುವೆ ಹತ್ತು ವರ್ಷದ ಅಂತರ ಇರಬಹುದು. ಅದನ್ನು ಹೇಳುವುದು ಅಚ್ಚು ಮಾತ್ರ.

ಅಮೆರಿಕದ ನಾಣ್ಯಸಂಗ್ರಾಹಕರು ತಮ್ಮ ಮಾರ್ಗನ್ ಬೆಳ್ಳಿ ಡಾಲರನ್ನು ಹೀಗೇ ಓದುತ್ತಾರೆ. 1878ರ ಮೊದಲ ಅಚ್ಚುಗಳಲ್ಲಿ ಹದ್ದಿನ ಬಾಲಕ್ಕೆ ಎಂಟು ಗರಿ ಇತ್ತು, ಆಮೇಲೆ ಏಳಾಯಿತು, ಕೆಲವು ಅಚ್ಚುಗಳಲ್ಲಿ ಎಂಟರ ಮೇಲೆಯೇ ಏಳನ್ನು ಕೊರೆದರು. ವ್ಯಾನ್ ಆಲೆನ್ ಮತ್ತು ಮ್ಯಾಲಿಸ್ ಎಂಬಿಬ್ಬರು ಇಂಥ ಭೇದಗಳನ್ನೆಲ್ಲ ಪಟ್ಟಿ ಮಾಡಿ ಸಂಖ್ಯೆ ಕೊಟ್ಟರು. ನಮ್ಮ ಬೆಳ್ಳಿ ರೂಪಾಯಿಗೆ ಅಂಥ ಕೆಲಸ ಮಾಡಿದವರು ಮೇಜರ್ ಫ್ರೆಡ್ ಪ್ರಿಡ್‌ಮೋರ್. ಬ್ರಿಟಿಷ್ ಭಾರತದ ನಾಣ್ಯ ಸಂಗ್ರಹಿಸುವವರು ಇವತ್ತಿಗೂ ಅವರ ಕ್ರಮಸಂಖ್ಯೆಯಲ್ಲೇ ಮಾತಾಡುತ್ತಾರೆ. ಡಾಲರಿಗೂ ನಮ್ಮ ರೂಪಾಯಿಗೂ ಇನ್ನೂ ಹತ್ತಿರದ ನಂಟೊಂದಿದೆ, ಅದು ಮುಂದೆ ಬರುತ್ತದೆ.

ಮೊದಲು ಅಚ್ಚಿನ ವಿಚಾರ. ಟಂಕಸಾಲೆಯಲ್ಲಿ ಒಂದು ಮೂಲ ಅಚ್ಚು ಕೆತ್ತುತ್ತಾರೆ. ಅದರಿಂದ ಉಕ್ಕಿನ ಕೆಲಸದ ಅಚ್ಚುಗಳನ್ನು ತೆಗೆಯುತ್ತಾರೆ. ಮುಂಬದಿಗೊಂದು, ಹಿಂಬದಿಗೊಂದು ಅಚ್ಚಿನ ನಡುವೆ ಬೆಳ್ಳಿಯ ಬಿಲ್ಲೆ ಇಟ್ಟು ಒತ್ತಿದರೆ ನಾಣ್ಯ. ಕೆಲಸದ ಅಚ್ಚು ಸಾವಿರಾರು ಏಟು ತಿಂದು ಸವೆಯುತ್ತದೆ, ಬಿರುಕು ಬಿಡುತ್ತದೆ, ಬದಲಾಗುತ್ತದೆ. ಟಂಕಸಾಲೆಯವರು ತಮ್ಮ ಗುರುತಿಗಾಗಿ ಚುಕ್ಕೆಯನ್ನೋ ಅಕ್ಷರವನ್ನೋ ಸೇರಿಸುವುದುಂಟು. ಮೂಲ ಕೆತ್ತನೆಯನ್ನೇ ತಿದ್ದುವುದೂ ಉಂಟು. ಈ ಬಗೆಯ ವ್ಯತ್ಯಾಸವೇ ಅಚ್ಚಿನ ಭೇದ. ಆ ಅಚ್ಚಿನಿಂದ ಹೊರಬಂದ ಪ್ರತಿಯೊಂದು ನಾಣ್ಯದಲ್ಲೂ ಅದು ಅದೇ ಜಾಗದಲ್ಲಿ ಇರುತ್ತದೆ. ನಾಣ್ಯ ಟಂಕಸಾಲೆ ಬಿಟ್ಟ ಮೇಲೆ ಬಿದ್ದ ಗೀರು, ತಗ್ಗು, ಸರಾಫರು ಹೊಡೆದ ಪರೀಕ್ಷೆಯ ಮುದ್ರೆ ಇವಾವುವೂ ಅಚ್ಚಿನ ಭೇದವಲ್ಲ. ಹೊಸಬರು ಮೋಸಹೋಗುವುದು ಹೆಚ್ಚಾಗಿ ಇಲ್ಲೇ.

ಬೇಕಾಗುವ ಸಲಕರಣೆ ಕಡಿಮೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಗ್ರಾಮಿನ ನೂರನೆಯ ಭಾಗದವರೆಗೆ ತೂಗುವ ಪುಟ್ಟ ತಕ್ಕಡಿ, ಒಂದು ಬದಿಯಿಂದ ಓರೆಯಾಗಿ ಬೀಳುವ ಬೆಳಕು. ನೇರ ಬೆಳಕಿನಲ್ಲಿ ಸಣ್ಣ ಚುಕ್ಕೆ ಮಾಯವಾಗುತ್ತದೆ, ಓರೆ ಬೆಳಕಿನಲ್ಲಿ ಅದಕ್ಕೆ ನೆರಳು ಹುಟ್ಟುತ್ತದೆ. ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿಯಿರಿ, ಕೆಳಗೆ ಮೆತ್ತನೆಯ ಬಟ್ಟೆ ಹಾಸಿರಿ.

ತೂಕದಿಂದ ಶುರು ಮಾಡುವುದು ಒಳ್ಳೆಯದು. 1835ರ ಕಾಯ್ದೆ ಕಂಪನಿ ಸರ್ಕಾರದ ರೂಪಾಯಿಗೆ 180 ಗ್ರೇನ್, ಅಂದರೆ 11.66 ಗ್ರಾಂ ತೂಕವನ್ನೂ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿಯನ್ನೂ ಗೊತ್ತುಮಾಡಿತು. ಅದೇ ಒಂದು ತೊಲ; ಅಕ್ಕಸಾಲಿಗರು ರೂಪಾಯಿಯನ್ನೇ ತೂಕದ ಬಟ್ಟಾಗಿ ಬಳಸುತ್ತಿದ್ದದ್ದು ಇದಕ್ಕೇ. ಸವೆದ ನಾಣ್ಯ ಸ್ವಲ್ಪ ಹಗುರ ಇರಬಹುದು, ಭಾರ ಇರಕೂಡದು. ಅನುಮಾನ ಬಂದರೆ ನೀರಿನ ಪರೀಕ್ಷೆ ಮಾಡಿ: ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ, ನಾಣ್ಯವನ್ನು ತೆಳುದಾರದಲ್ಲಿ ಕಟ್ಟಿ ಲೋಟದ ತಳ ಮುಟ್ಟದಂತೆ ಮುಳುಗಿಸಿ. ತಕ್ಕಡಿ ಸುಮಾರು 1.13 ಗ್ರಾಂ ತೋರಿಸಿದರೆ ಬೆಳ್ಳಿಯ ಪ್ರಮಾಣ ಸರಿ. ಹಿತ್ತಾಳೆಯ ಅಥವಾ ನಿಕ್ಕಲಿನ ಮಿಶ್ರಣವಾದರೆ ಅಂಕಿ ಇದಕ್ಕಿಂತ ಮೇಲಕ್ಕೆ ಹೋಗುತ್ತದೆ.

ಈಗ 1862. ನಮ್ಮ ಕರಾವಳಿಯವರು ಮೊದಲು ಹುಡುಕಬೇಕಾದದ್ದು ಇದನ್ನೇ. ಅದೇ ವರ್ಷ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಕಿತ್ತು ಮುಂಬೈ ಪ್ರಾಂತಕ್ಕೆ ಸೇರಿಸಿದರು. ಅದರ ಹಿಂದಿನ ವರ್ಷ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡು ಲಂಕಾಶೈರಿನ ಗಿರಣಿಗಳಿಗೆ ಅಲ್ಲಿಂದ ಬರುವ ಹತ್ತಿ ನಿಂತಿತ್ತು. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತು. ಲಿವರ್‌ಪೂಲಿನ ಪೇಟೆಯಲ್ಲಿ ಆ ಹತ್ತಿಯ ಹೆಸರೇ ಕುಮಟಾ ಹತ್ತಿ. 1865ರವರೆಗೂ ಹತ್ತಿಯ ಬೆಲೆ ಹುಚ್ಚೆದ್ದು ಏರಿತು, ಬೆಲೆಗೆ ಬದಲಾಗಿ ಬೆಳ್ಳಿ ಮುಂಬೈಗೆ ಹರಿದು ಬಂತು, ಮುಂಬೈ ಟಂಕಸಾಲೆ ಅದನ್ನು ರೂಪಾಯಿ ಮಾಡಿತು. ಕುಮಟಾದ ವಖಾರಿಗಳಲ್ಲಿ ಎಣಿಕೆಯಾದ ಹಣದಲ್ಲಿ ಈ ನಾಣ್ಯದ ಪಾಲು ಸಣ್ಣದಿರಲಾರದು. 1880ರ ದಶಕದಲ್ಲಿ ಮರ್ಮಗೋವಾಕ್ಕೆ ರೈಲು ಬಂದ ಮೇಲೆ ಹತ್ತಿ ಆ ಕಡೆ ತಿರುಗಿತು, ಬಂದರು ಮಂಕಾಯಿತು. ನಾಣ್ಯಗಳು ಪೆಟ್ಟಿಗೆಯಲ್ಲೇ ಉಳಿದವು.

1862ರ ರೂಪಾಯಿಯಲ್ಲಿ ರಾಣಿಗೆ ಕಿರೀಟ ಇದೆ, ಸುತ್ತ ‘ವಿಕ್ಟೋರಿಯಾ ಕ್ವೀನ್’ ಎಂದು ಇಂಗ್ಲಿಷ್ ಅಕ್ಷರ. ಹಿಂಬದಿಯಲ್ಲಿ ಹೂಬಳ್ಳಿಯ ಚೌಕಟ್ಟಿನೊಳಗೆ ‘ಒನ್ ರುಪೀ ಇಂಡಿಯಾ 1862’. ಈ ಇಸವಿಯನ್ನು 1873ರವರೆಗೂ ಬದಲಿಸಲೇ ಇಲ್ಲ. ಕಾರಣ ಸರಾಫರು. ನಾಣ್ಯ ಹಳೆಯದೆಂದು ಇಸವಿಯಿಂದ ಗೊತ್ತಾದರೆ ಸವೆದಿದೆಯೆಂದು ವಟ್ಟ ಹಿಡಿಯುವುದು ಅವರ ಹಳೆಯ ಪದ್ಧತಿ. ಇಸವಿಯೇ ಬದಲಾಗದಿದ್ದರೆ ವಟ್ಟಕ್ಕೆ ನೆಪ ಇರುವುದಿಲ್ಲ. ಆದರೆ ಟಂಕಸಾಲೆಗೆ ತನ್ನ ಲೆಕ್ಕ ಬೇಕಲ್ಲ! ಮುಂಬೈಯವರು ಒಂದು ಉಪಾಯ ಹೂಡಿದರು: ಇಸವಿಯ ಕೆಳಗೆ, ಕೆಲವೊಮ್ಮೆ ಮೇಲಿನ ‘ಒನ್’ ಪದದ ಮೇಲ್ಗಡೆ, ಸಾಸಿವೆಗಿಂತ ಚಿಕ್ಕ ಚುಕ್ಕೆಗಳನ್ನು ಇಡುತ್ತ ಹೋದರು. ವರ್ಷ ಮುಂದೆ ಹೋದಂತೆ ಚುಕ್ಕೆಯ ಲೆಕ್ಕವೂ ಬದಲಾಯಿತು.

ಆದ್ದರಿಂದ ನಿಮ್ಮಲ್ಲಿರುವ ಪ್ರತಿ 1862ರಲ್ಲೂ ಈ ಎರಡು ಜಾಗಗಳನ್ನು ನೋಡಿ. ಸಂಗ್ರಾಹಕರು ಇದನ್ನು ಭಿನ್ನರಾಶಿಯ ಹಾಗೆ ಬರೆಯುತ್ತಾರೆ: ಮೇಲೆ ಎಷ್ಟು ಚುಕ್ಕೆ, ಕೆಳಗೆ ಎಷ್ಟು. 0/0 ಅಂದರೆ ಎಲ್ಲೂ ಇಲ್ಲ, 0/4 ಅಂದರೆ ಕೆಳಗೆ ನಾಲ್ಕು, 2/0 ಅಂದರೆ ಮೇಲೆ ಎರಡು. ಚುಕ್ಕೆಗಳು ಸಾಲಾಗಿ ಇರಬಹುದು, ಎರಡು ಸಾಲಾಗಿ ಗುಂಪುಗೂಡಿರಬಹುದು. ಸವೆದ ನಾಣ್ಯದಲ್ಲಿ ಒಂದೆರಡು ಅಳಿಸಿಹೋಗಿರಬಹುದು, ಹಾಗಾಗಿ ಜಾಗದ ಸಮತೋಲನ ಗಮನಿಸಿ: ಎಡಕ್ಕೆ ಎರಡು ಕಂಡು ಬಲಕ್ಕೆ ಒಂದೇ ಕಂಡರೆ ಇನ್ನೊಂದರ ಕುರುಹು ಹುಡುಕಬೇಕು. ನನ್ನ ಮಟ್ಟಿಗೆ ಬ್ರಿಟಿಷ್ ಕಾಲದ ಯಾವ ನಾಣ್ಯವೂ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಕೆಲಸ ಕೊಡುವುದಿಲ್ಲ.

ಚುಕ್ಕೆಯ ಜೊತೆಗೆ ಇನ್ನೆರಡು ಕಡೆ ಕಣ್ಣಿಡಬೇಕು. ಒಂದು, ರಾಣಿಯ ಉಡುಪಿನ ಎದೆಯ ಮೇಲೆ ನೇರ ಇಳಿದಿರುವ ಕಸೂತಿಯ ಪಟ್ಟಿ. ಅದು ಮನೆಮನೆಯಾಗಿ ಭಾಗವಾಗಿದೆ. ಒಂದು ಕೆತ್ತನೆಯಲ್ಲಿ ನಾಲ್ಕನೆಯ ಮನೆಯ ಬಹುಪಾಲು ಕಾಣುತ್ತದೆ. ಇದು ‘ಎ’ ಮೊಗ. ಇನ್ನೊಂದರಲ್ಲಿ ಮೂರು ಮನೆಯ ಕೆಳಗೆ ಚೂರು ಮಾತ್ರ. ಇದು ‘ಬಿ’ ಮೊಗ. ಆಮೇಲಿನ ವರ್ಷಗಳಲ್ಲಿ ಮೂರೂವರೆ ಮನೆಯ ‘ಸಿ’ ಮೊಗವೂ ಬಂತು. ಎರಡು, ಹಿಂಬದಿಯ ಚೌಕಟ್ಟಿನ ನೆತ್ತಿಯ ಮೇಲಿರುವ ಹೂವು. ಮೊದಲ ಮಾದರಿಯಲ್ಲಿ ಅದು ಅರಳಿದ ಹೂವು, ಎರಡನೆಯದರಲ್ಲಿ ಮುಚ್ಚಿದ ಹೂವು. ಮೊಗ, ಹೂವು, ಚುಕ್ಕೆ ಮೂರನ್ನೂ ಸೇರಿಸಿ ಬರೆದರೆ ಮಾತ್ರ ನಾಣ್ಯದ ಹೆಸರು ಪೂರ್ತಿಯಾಗುತ್ತದೆ. ಬರೀ ‘1862ರ ರಾಣಿ ರೂಪಾಯಿ’ ಎಂದರೆ ಅಂಗಡಿಯವ ಕೊಡುವುದು ಬೆಳ್ಳಿಯ ಬೆಲೆಯನ್ನಷ್ಟೆ.

1862ಕ್ಕಿಂತ ಹಿಂದಿನವೂ ಇದೇ ಬಗೆಯವು. 1835 ಎಂದು ಬರೆದ ವಿಲಿಯಂ ರಾಜನ ರೂಪಾಯಿಯಲ್ಲಿ ಕುತ್ತಿಗೆ ಕತ್ತರಿಸಿದ ಗೆರೆಯ ಮೇಲೆ ‘ಎಫ್’ ಅಕ್ಷರ ಉಬ್ಬಿದೆಯೋ ತಗ್ಗಿದೆಯೋ, ಅಥವಾ ‘ಆರ್.ಎಸ್.’ ಇದೆಯೋ, ಏನೂ ಇಲ್ಲವೋ ಎಂಬುದು ಭೇದ. ಇವು ಟಂಕಸಾಲೆಯ ಅಧಿಕಾರಿಗಳ ಹೆಸರಿನ ಮೊದಲಕ್ಷರಗಳು. 1840ರ ವಿಕ್ಟೋರಿಯಾದಲ್ಲಿ ರಾಣಿಗೆ ಕಿರೀಟ ಇಲ್ಲ. ಹೆಸರು ತಲೆಯ ಮೇಲೆ ಹಾದು ಒಂದೇ ಎಳೆಯಾಗಿ ಹೋಗಿದ್ದರೆ ಹಳೆಯ ಮಾದರಿ. ‘ವಿಕ್ಟೋರಿಯಾ’ ಎಡಕ್ಕೆ, ‘ಕ್ವೀನ್’ ಬಲಕ್ಕೆ, ನಡುವೆ ತಲೆ ಬಂದಿದ್ದರೆ ಅದು 1850ರ ಸುಮಾರಿಗೆ ಶುರುವಾಗಿ 1862ರವರೆಗೆ ಬಂದ ಮಾದರಿ. ಅಂದರೆ 1858ರಲ್ಲಿ ಕಂಪನಿಯ ಆಡಳಿತ ಮುಗಿದ ಮೇಲೂ ಕಂಪನಿಯ ಹೆಸರಿನ ರೂಪಾಯಿ ಅಚ್ಚಾಗುತ್ತಲೇ ಇತ್ತು! ಕುತ್ತಿಗೆಯ ಕೆಳಗೆ ಕೆತ್ತನೆಗಾರ ವಿಲಿಯಂ ವಯಾನನ ‘ಡಬ್ಲ್ಯೂ.ಡಬ್ಲ್ಯೂ.’ ಅಕ್ಷರ ನೋಡಿ. ಹಿಂಬದಿಯ ಎಲೆಮಾಲೆಯಲ್ಲಿನ ಹಣ್ಣುಗಳನ್ನು ಎಣಿಸಿ; 28 ಇರುವುವೂ 34, 35 ಇರುವುವೂ ಸಿಗುತ್ತವೆ. ಎಣಿಸುವುದು ಬೇಸರದ ಕೆಲಸ, ಫೋನಿನಲ್ಲಿ ಚಿತ್ರ ತೆಗೆದು ದೊಡ್ಡದು ಮಾಡಿ ಎಣಿಸಿದರೆ ಸುಲಭ.

1874ರಿಂದ ಇಸವಿ ನಿಜ ಹೇಳತೊಡಗಿತು. 1877ರಿಂದ ‘ಕ್ವೀನ್’ ಹೋಗಿ ‘ಎಂಪ್ರೆಸ್’ ಬಂತು. ಆಗ ನೋಡಬೇಕಾದದ್ದು ಟಂಕಸಾಲೆಯ ಗುರುತು: ಇಸವಿಯ ಕೆಳಗೆ ಚುಕ್ಕೆಯೋ ‘ಬಿ’ ಅಕ್ಷರವೋ ಇದ್ದರೆ ಮುಂಬೈ. ಆ ‘ಬಿ’ ಉಬ್ಬಿದೆಯೋ ತಗ್ಗಿದೆಯೋ ಎಂಬುದೂ ಪ್ರತ್ಯೇಕ ಭೇದ. ತಗ್ಗಿದ ‘ಸಿ’ ಇದ್ದರೆ, ಅಥವಾ ಗುರುತೇ ಇಲ್ಲದಿದ್ದರೆ ಕಲ್ಕತ್ತ. ಮದ್ರಾಸ್ ಟಂಕಸಾಲೆ 1869ಕ್ಕೇ ಮುಚ್ಚಿತ್ತು. ‘ಎ’, ‘ಬಿ’, ‘ಸಿ’ ಮೊಗಗಳ ಎಣಿಕೆ 1901ರವರೆಗೂ ಮುಂದುವರಿಯುತ್ತದೆ.

ರಾಜನ ಛಾಪಿನಲ್ಲಿ 1911ನ್ನು ಕಂಡರೆ ಪಕ್ಕಕ್ಕೆ ಎತ್ತಿಡಿ. ಐದನೆಯ ಜಾರ್ಜನ ನಿಲುವಂಗಿಯ ಮೇಲಿನ ಪುಟ್ಟ ಆನೆಯ ಸೊಂಡಿಲು ಗಿಡ್ಡವಾಗಿ, ಕೆತ್ತನೆ ಹಂದಿಯಂತೆ ಕಂಡಿತು. ಮುಸ್ಲಿಮರು ಸಿಟ್ಟಾದರು, ಗಲಾಟೆಯಾಯಿತು. ಅಚ್ಚಾದ 94 ಲಕ್ಷ ರೂಪಾಯಿಗಳಲ್ಲಿ ಹೊರಬಿದ್ದದ್ದು 7 ಲಕ್ಷದಷ್ಟು, ಉಳಿದವನ್ನು ಕರಗಿಸಿದರು. 1912ರ ನಾಣ್ಯದಲ್ಲಿ ಸೊಂಡಿಲು ಉದ್ದವಾಗಿ, ಆನೆ ಆನೆಯೇ ಆಯಿತು. ಎರಡು ನಾಣ್ಯ ಅಕ್ಕಪಕ್ಕ ಇಟ್ಟು ನೋಡಿದರೆ ಅಚ್ಚು ತಿದ್ದುವುದು ಅಂದರೆ ಏನು ಎಂಬುದು ಮಕ್ಕಳಿಗೂ ಹೊಳೆಯುತ್ತದೆ.

1918, 1919, 1920ರ ರೂಪಾಯಿಗಳು ಧಂಡಿಯಾಗಿ ಸಿಗುತ್ತವೆ. ಸಂಗ್ರಾಹಕರು ಇವುಗಳತ್ತ ತಿರುಗಿಯೂ ನೋಡುವುದಿಲ್ಲ. ಆದರೆ ಡಾಲರಿನ ನಂಟು ಎಂದೆನಲ್ಲ, ಅದು ಇಲ್ಲಿದೆ. ಮೊದಲ ಮಹಾಯುದ್ಧದಲ್ಲಿ ಭಾರತದಲ್ಲಿ ಬೆಳ್ಳಿಗೆ ಬರ ಬಂದು, ನೋಟಿಗೆ ರೂಪಾಯಿ ಕೊಡಲಾಗದ ಸ್ಥಿತಿ ಎದುರಾಯಿತು. ಅಮೆರಿಕ 1918ರ ಏಪ್ರಿಲ್‌ನಲ್ಲಿ ಪಿಟ್‌ಮನ್ ಕಾಯ್ದೆ ಮಾಡಿ 27 ಕೋಟಿಗೂ ಹೆಚ್ಚು ಬೆಳ್ಳಿ ಡಾಲರುಗಳನ್ನು ಕರಗಿಸಿತು. ಅದರಲ್ಲಿ 25.9 ಕೋಟಿ ಡಾಲರಿನಷ್ಟು ಬೆಳ್ಳಿ ಬ್ರಿಟನ್ನಿನ ಮೂಲಕ ಭಾರತಕ್ಕೆಂದು ಮಾರಾಟವಾಯಿತು. ಮುಂಬೈ, ಕಲ್ಕತ್ತ ಟಂಕಸಾಲೆಗಳು ಹಗಲಿರುಳು ರೂಪಾಯಿ ಒತ್ತಿದವು. ಅಮೆರಿಕದವರು ಇಂದು ಭೂತಗನ್ನಡಿ ಹಿಡಿದು ಹುಡುಕುವ ಎಷ್ಟೋ ಅಚ್ಚಿನ ಭೇದಗಳು ನಮ್ಮ 1918ರ ರೂಪಾಯಿಯೊಳಗೆ ಕರಗಿ ಕೂತಿವೆ. ಇದರಿಂದ ನಾಣ್ಯದ ಬೆಲೆ ಒಂದು ಪೈಸೆಯೂ ಏರುವುದಿಲ್ಲ, ಆದರೂ ಮನೆಯಲ್ಲೊಂದು ಇಟ್ಟುಕೊಳ್ಳಲು ಇಷ್ಟು ಕಾರಣ ಸಾಕು.

ಆರನೆಯ ಜಾರ್ಜನ 1938ರ ರೂಪಾಯಿಯಲ್ಲಿ ಇಸವಿಯ ಕೆಳಗೆ ಚುಕ್ಕೆ ಇದ್ದರೆ ಮುಂಬೈ, ಇಲ್ಲದಿದ್ದರೆ ಕಲ್ಕತ್ತ. 1939ರದು ವಿರಳ, ಅದಕ್ಕೇ ನಕಲಿಯೂ ಜಾಸ್ತಿ. ಕೊನೆಯ ಅಂಕಿಯ ಸುತ್ತ ಲೋಹ ಕೆರೆದ ಗುರುತು ಇದೆಯೇ ನೋಡದೆ ಕೊಳ್ಳಬೇಡಿ. 1940ರಿಂದ ಬೆಳ್ಳಿ ಅರ್ಧಕ್ಕೆ ಇಳಿಯಿತು, 1947ರಲ್ಲಿ ನಿಕ್ಕಲ್ ಬಂತು. 1944, 45ರಲ್ಲಿ ಇಸವಿಯ ಕೆಳಗೆ ‘ಎಲ್’ ಕಂಡರೆ ಅದು ಲಾಹೋರಿನದು. ಅಲ್ಲಿ ಟಂಕಸಾಲೆ ತೆರೆದದ್ದು ಯುದ್ಧದ ಕಾಲದಲ್ಲಿ.

ರೂಪಾಯಿಗಿಂತ ದೊಡ್ಡ ಬೆಳ್ಳಿ ನಾಣ್ಯ ಕೈಗೆ ಬಂದರೆ? ಅರಬ್ ಕರಾವಳಿಯೊಡನೆ ಶತಮಾನಗಳ ಒಡನಾಟವಿರುವ ಭಟ್ಕಳದ ನವಾಯತ ಮನೆತನಗಳಲ್ಲಿ, ಸಿಂಗಪುರದ ಕಡೆ ದುಡಿದು ಬಂದವರ ಪೆಟ್ಟಿಗೆಗಳಲ್ಲಿ ಅಂಥದ್ದು ಸಿಗುವ ಸಾಧ್ಯತೆ ಇದ್ದೇ ಇದೆ. 39 ಮಿಲಿಮೀಟರ್ ಅಗಲ, 26.96 ಗ್ರಾಂ ತೂಕ, ಒಂದು ಬದಿಯಲ್ಲಿ ತ್ರಿಶೂಲ ಮತ್ತು ಗುರಾಣಿ ಹಿಡಿದು ನಿಂತ ಬ್ರಿಟಾನಿಯಾ, ಇನ್ನೊಂದು ಬದಿಯಲ್ಲಿ ಚೀನೀ ಮತ್ತು ಅರಬೀ ಲಿಪಿಯ ಮಲಯ ಬರಹ ಇದ್ದರೆ ಅದು ಬ್ರಿಟಿಷ್ ವ್ಯಾಪಾರಿ ಡಾಲರ್. 1895ರಿಂದ 1935ರವರೆಗಿನ ಈ ಡಾಲರುಗಳಲ್ಲಿ ಬಹುಪಾಲು ಮುಂಬೈಯವು. ತ್ರಿಶೂಲದ ನಡುವಿನ ಮೊನೆಯಲ್ಲಿ ತಗ್ಗಿದ ‘ಬಿ’ ಹುಡುಕಿ, ಅದೇ ಮುಂಬೈ ಗುರುತು. ಎಡಗಾಲಿಗೂ ಗುರಾಣಿಯ ಬುಡಕ್ಕೂ ನಡುವೆ ‘ಸಿ’ ಇದ್ದರೆ ಕಲ್ಕತ್ತ. ಆಮೇಲೆ ಇಸವಿಯ ಕೊನೆಯ ಅಂಕಿಯ ಮೇಲೆ ಭೂತಗನ್ನಡಿ ಇಡಿ. ಹಳೆಯ ಅಚ್ಚನ್ನು ಬಿಸಾಡದೆ ಇಸವಿ ತಿದ್ದಿ ಬಳಸಿದ್ದುಂಟು: 1909ರ ಒಂಬತ್ತರ ಅಡಿಯಲ್ಲಿ ಎಂಟು, 1929ರ ಒಂಬತ್ತರ ಅಡಿಯಲ್ಲಿ ಒಂದು ಇಣುಕುವ ನಾಣ್ಯಗಳು ದಾಖಲಾಗಿವೆ. ಚೀನೀ ವ್ಯಾಪಾರಿಗಳು ಹೊಡೆದ ಸಣ್ಣ ಮುದ್ರೆಗಳು ಇದ್ದರೆ ಅವು ಅಚ್ಚಿನವಲ್ಲ, ಆದರೆ ಅವಕ್ಕೂ ಅವುಗಳದೇ ಗಿರಾಕಿಗಳಿದ್ದಾರೆ.

ಇನ್ನೊಂದು, ತುಂಬು ಮೈಯ ರಾಣಿ, ಹಿಂದೆ ಎರಡು ತಲೆಯ ಹದ್ದು, 1780ರ ಇಸವಿ. ಇದು ಆಸ್ಟ್ರಿಯದ ಮಾರಿಯಾ ಥೆರೆಸಾ ಥಾಲರ್, 28.07 ಗ್ರಾಂ. ಯೆಮನ್, ಅಬಿಸೀನಿಯಾಗಳ ಪೇಟೆ ಬೇರೆ ನಾಣ್ಯ ಒಪ್ಪುತ್ತಿರಲಿಲ್ಲವಾದ್ದರಿಂದ ರಾಣಿ ಸತ್ತ 1780ರ ಇಸವಿಯಲ್ಲೇ ವಿಯೆನ್ನಾ, ರೋಮ್, ಲಂಡನ್, ಪ್ಯಾರಿಸ್ ಎಲ್ಲೆಡೆ ಒತ್ತಿದರು. ಎರಡನೆಯ ಮಹಾಯುದ್ಧದಲ್ಲಿ ಮುಂಬೈ ಟಂಕಸಾಲೆಯೂ ಒತ್ತಿತು. ಇಸವಿ ಸುಳ್ಳು ಹೇಳುವುದರಲ್ಲಿ ಇದು ನಮ್ಮ 1862ನ್ನೂ ಮೀರಿಸಿದ ನಾಣ್ಯ. ಭುಜದ ಪದಕದ ಮುತ್ತುಗಳು, ಹದ್ದಿನ ಬಾಲದ ಗರಿಗಳ ಜೋಡಣೆ, 1780ರ ನಂತರದ ‘ಎಕ್ಸ್’ ಗುರುತಿನ ಆಕಾರ, ಅಂಚಿನ ಉಬ್ಬಕ್ಷರ ಇವುಗಳನ್ನು ಹೋಲಿಸಿ ಟಂಕಸಾಲೆ ಗೊತ್ತುಮಾಡುತ್ತಾರೆ. ಕೆಲಸ ಸೂಕ್ಷ್ಮವಾದದ್ದು, ಪರಿಣತರಿಗೆ ಬಿಡುವುದೇ ಲೇಸು.

ಜೋಡಿ ಅಕ್ಷರ ಕಂಡ ಕೂಡಲೇ ಹಿಗ್ಗಬೇಡಿ. ಅಚ್ಚು ತಯಾರಿಸುವಾಗಲೇ ಎರಡು ಸಲ ಒತ್ತಿದ್ದರೆ ಅಕ್ಷರದ ಎರಡು ಉಬ್ಬುಗಳೂ ದುಂಡಾಗಿ, ತುದಿಗಳು ಸೀಳಿದಂತೆ ಕಾಣುತ್ತವೆ. ಒತ್ತುವ ಹೊತ್ತಿನಲ್ಲಿ ಅಚ್ಚು ಅಲುಗಿದ್ದರೆ ಅಕ್ಷರದ ಪಕ್ಕದಲ್ಲಿ ಚಪ್ಪಟೆ ಮೆಟ್ಟಿಲಿನಂಥ ನೆರಳಷ್ಟೇ ಇರುತ್ತದೆ. ಅದಕ್ಕೆ ಬೆಲೆ ಇಲ್ಲ. ಉಬ್ಬಿದ ಕೂದಲೆಳೆಯ ಗೆರೆ ಅಕ್ಷರದಿಂದ ಅಂಚಿಗೆ ಓಡಿದ್ದರೆ ಅದು ಅಚ್ಚಿನ ಬಿರುಕು. ತಗ್ಗಿದ ಗೆರೆಯಾದರೆ ಬರೀ ಗೀರು. ಸರಕ್ಕೆ ಪೋಣಿಸಲು ಕುಣಿಕೆ ಬೆಸೆದು ತೆಗೆದ ನಾಣ್ಯಗಳು ನಮ್ಮಲ್ಲಿ ಬಹಳ. ಮೇಲಂಚಿನಲ್ಲಿ ಬೆಸುಗೆಯ ಕಲೆ ಇದ್ದರೆ ಎಂಥ ಅಪರೂಪದ ಭೇದವಾದರೂ ಬೆಲೆ ಕುಸಿಯುತ್ತದೆ.

ಬೆಲೆ ಕುಸಿಯುವ ಇನ್ನೊಂದು ದಾರಿ ನಮ್ಮ ಅಡುಗೆಮನೆಯಲ್ಲೇ ಇದೆ: ಹುಣಸೆಹಣ್ಣು. ಹಬ್ಬದ ಮುನ್ನಾದಿನ ದೇವರ ಪಾತ್ರೆಗಳೊಡನೆ ನಾಣ್ಯಗಳನ್ನೂ ಹುಣಸೆ, ಬೂದಿ, ಪೌಡರು ಹಾಕಿ ತಿಕ್ಕಿದರೆ 1862ರ ಚುಕ್ಕೆಗಳೇ ಮೊದಲು ಹೋಗುವುದು. ಕಡಲ ಗಾಳಿಗೆ ಬೆಳ್ಳಿ ಕಪ್ಪಾಗುವುದು ಸಹಜ. ಆ ಕಪ್ಪು ಸಂಗ್ರಾಹಕರಿಗೆ ಇಷ್ಟ, ತಿಕ್ಕಿದ ಹೊಳಪು ಅವರಿಗೆ ಕಂಡರಾಗದು. ಮಣ್ಣು ಮೆತ್ತಿದ್ದರೆ ಶುದ್ಧ ನೀರಿನಲ್ಲಿ ನೆನೆಸಿ, ಒರೆಸದೆ ಬಟ್ಟೆಯ ಮೇಲೆ ಒಣಗಲು ಬಿಡಿ. ಮಳೆಗಾಲಕ್ಕೆ ಬಿಗಿ ಮುಚ್ಚಳದ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಪೊಟ್ಟಣ ಇಡಿ. ಅಗ್ಗದ ಪಿವಿಸಿ ಆಲ್ಬಂ ಹಾಳೆಗಳು ಬೆಳ್ಳಿಗೆ ಹಸಿರು ಅಂಟು ಹತ್ತಿಸುತ್ತವೆ, ದೂರವಿಡಿ. ಪೂಜೆಗೆ ನಾಲ್ಕು ಸವೆದ ನಾಣ್ಯ ಬೇರೆ ಇಟ್ಟುಕೊಂಡರೆ ದೇವಿಗೂ ಬೇಸರವಿಲ್ಲ, ಸಂಗ್ರಹಕ್ಕೂ ತೊಂದರೆಯಿಲ್ಲ.

ಮೋಸದ ಬಗ್ಗೆ. ರಾಮನ ಪಟ್ಟಾಭಿಷೇಕ, ಹನುಮಂತ ಇರುವ ‘ಈಸ್ಟ್ ಇಂಡಿಯಾ ಕಂಪನಿ 1818’ ನಾಣ್ಯ ಲಕ್ಷ ಬೆಲೆಯದು ಎಂದು ಯಾರಾದರೂ ತಂದರೆ ಚಹಾ ಕೊಟ್ಟು ಕಳಿಸಿ. ಕಂಪನಿ ಅಂಥ ನಾಣ್ಯ ಹೊರಡಿಸಲೇ ಇಲ್ಲ. ಅಕ್ಕಿ ಸೆಳೆಯುವ ನಾಣ್ಯವೂ ಅದೇ ಸಂತಾನ. ಹಳೆಯ ನಾಣ್ಯಕ್ಕೆ ದೊಡ್ಡ ಮೊತ್ತ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎಂದು ರಿಸರ್ವ್ ಬ್ಯಾಂಕಿನ ಹೆಸರಿನಲ್ಲಿ ಕರೆ ಬಂದರೆ ಫೋನ್ ಇಡಿ. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಶುಲ್ಕವನ್ನೂ ಕೇಳುವುದಿಲ್ಲ ಎಂದು ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಪ್ರಕಟಣೆ ಹೊರಡಿಸಿದೆ.

ಕೊಲ್ಲಿ ನಾಡುಗಳಿಗೆ ಹೋಗಿಬರುವ ಭಟ್ಕಳ, ಹೊನ್ನಾವರದವರು ಒಂದು ಕಾನೂನು ತಿಳಿದಿರಬೇಕು. 1972ರ ಪ್ರಾಚೀನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚೀನ ವಸ್ತು. ಮನೆಯಲ್ಲಿಟ್ಟುಕೊಳ್ಳಬಹುದು, ದೇಶದಿಂದ ಹೊರಗೆ ಒಯ್ಯುವಂತಿಲ್ಲ. ದುಬೈಯಲ್ಲಿರುವ ಮಗನಿಗೆ ನೆನಪಿಗೆಂದು 1862ರ ರೂಪಾಯಿಯೊಂದನ್ನು ಚೀಲದಲ್ಲಿ ಹಾಕಿ ಕಳಿಸುವುದೂ ಇದರಲ್ಲೇ ಬಂತು. ಚಿತ್ರ ತೆಗೆದು ಕಳಿಸಿ. ತೋಟ ಅಗೆಯುವಾಗ, ಹಳೆ ಮನೆಯ ಗೋಡೆ ಕೆಡವುವಾಗ ನಾಣ್ಯದ ಗಡಿಗೆ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು, ಹಂಚಿಕೊಳ್ಳಕೂಡದು.

ಕಣ್ಣು ಪಳಗಿಸಲು ಉಡುಪಿಯವರೆಗೆ ಹೋಗಿಬನ್ನಿ. ಕಾರ್ಪೊರೇಷನ್ ಬ್ಯಾಂಕಿನ ಸ್ಥಾಪಕ ಹಾಜಿ ಅಬ್ದುಲ್ಲಾ ಅವರ ಮನೆಯಲ್ಲಿ ಆ ಬ್ಯಾಂಕ್ ಮಾಡಿದ ನಾಣ್ಯ ಸಂಗ್ರಹಾಲಯ ಇದೆ. ಬ್ಯಾಂಕ್ 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಹೋಗುವ ಮುಂಚೆ ನಿಮ್ಮ ನಾಣ್ಯಗಳಿಗೊಂದು ಪುಸ್ತಕ ಹಾಕಿ: ಇಸವಿ, ತೂಕ, ಮೊಗ, ಹೂವು, ಚುಕ್ಕೆ, ಟಂಕಸಾಲೆಯ ಗುರುತು, ಯಾರ ಕಾಲದಿಂದ ಮನೆಯಲ್ಲಿದೆ ಎಂಬುದು. ಕೊನೆಯ ಕಲಂ ಯಾವ ಪಟ್ಟಿಯಲ್ಲೂ ಸಿಗದು, ಅಜ್ಜಿಯನ್ನು ಕೇಳಿ ಈಗಲೇ ತುಂಬಿಸಿ.